ಹೊಸ ದೇಶದಲ್ಲಿ ಮಧ್ಯಾಹ್ನಕ್ಕೇ ಯಾಕೆ ಸುಸ್ತು?

ಸುಮಾರು 550 ವರ್ಷಗಳ ಹಿಂದೆ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿಯೊಬ್ಬ ಬೀದರಿಗೆ ಬಂದು ತನ್ನ ಕುದುರೆ ಮಾರಿದ. ಹೆಸರು ಅಫನಾಸಿ ನಿಕಿತಿನ್. ಎಲ್ಲಿ ಹೋದರೂ ಈ ಬಿಳಿ ಮನುಷ್ಯನನ್ನು ನೋಡಲು ಜನ ಹಿಂದೆ ಬರುತ್ತಾರೆ ಅಂತ ಬರೆದುಕೊಂಡ. ಸುಲ್ತಾನನ ಮೆರವಣಿಗೆ, ಆನೆಗಳನ್ನೆಲ್ಲ ಬೆರಗಿನಿಂದ ವರ್ಣಿಸುವ ಅವನಿಗೆ ಒಂದು ಕೊರಗಿತ್ತು. ದಾರಿಯಲ್ಲಿ ದರೋಡೆಯಾಗಿ ಪುಸ್ತಕಗಳು ಹೋಗಿದ್ದವು. ಉಪವಾಸ ಯಾವಾಗ, ಈಸ್ಟರ್ ಯಾವಾಗ ಅಂತ ಲೆಕ್ಕವೇ ತಪ್ಪಿಹೋಗಿತ್ತು.

ಆಗಿನ ಬೀದರಿನಲ್ಲಿ ಹೊರಗಿನವರಿಗೇನು ಕಡಿಮೆ ಇರಲಿಲ್ಲ. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನನೇ ಇರಾನಿನ ಗೀಲಾನ್ ಕಡೆಯವನು. ಇಲ್ಲಿಯ ದಖನಿಗಳು, ಹೊರಗಿನಿಂದ ಬಂದ ಆಫಾಕಿಗಳು ಅಂತ ದರ್ಬಾರು ಎರಡು ಹೋಳಾಗಿ, 1481ರಲ್ಲಿ ಅವನ ತಲೆಯೇ ಹೋಯಿತು. ಅದು ಬೇರೆ ಕತೆ, ಬಿಡಿ.

ನನ್ನ ಅಕ್ಕನ ಮಗ, ಕಲಬುರಗಿಯ ಹುಡುಗ, ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಜಪಾನ್ ಸುತ್ತುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ, "ಮಾಮಾ, ಎಲ್ಲಾ ಛಂದ ಅದ. ಆದ್ರ ಮಧ್ಯಾಹ್ನಕ್ಕೇ ಜೀವ ಸಾಕಾಗ್ತದ, ಸುಮ್ಮಸುಮ್ನ ಸಿಟ್ಟು ಬರ್ತದ" ಅಂದ. ಅಕ್ಕ ಇಲ್ಲಿ ಅವನ ಫೋಟೋಕ್ಕೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ದೃಷ್ಟಿಯಂತೆ! ಅಲ್ಲಿ ಇವನನ್ನು ಯಾರೂ ಕಣ್ಣೆತ್ತಿ ನೋಡುವುದೇ ಇಲ್ಲ. ಅವನ ತಕರಾರೇ ಅದು.

ಇದಕ್ಕೆ ಕಲ್ಚರ್ ಶಾಕ್ ಅನ್ನುತ್ತಾರೆ. ಈ ಮಾತನ್ನು ಮನೆಮಾತು ಮಾಡಿದವನು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. 1954ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ಮಾತಾಡುತ್ತಾ ಅವನು ಇದರ ಲಕ್ಷಣಗಳನ್ನು ಹೇಳಿದ. ಪದೇಪದೇ ಕೈ ತೊಳೆಯುವುದು, ಕುಡಿಯುವ ನೀರು, ಹಾಸಿಗೆ ಬಗ್ಗೆ ಅತಿಯಾದ ಚಿಂತೆ, ಮೋಸ ಹೋದೇನೆಂಬ ಭಯ, ಊರಿನ ಹಂಬಲ. ನಮ್ಮಲ್ಲಿ "ನೀರು ಒಗ್ಗಲಿಲ್ಲ" ಅಂತ ಹೇಳಿ ಮುಗಿಸುವುದರಲ್ಲಿ ಅರ್ಧ ಇದೇ ಇರುತ್ತದೆ.

ತಲೆಯೊಳಗೆ ನಡೆಯುವುದೇನು? ನಮ್ಮ ಮಿದುಳು ಆಗಿದ್ದನ್ನು ನೋಡಿ ಆಮೇಲೆ ಎಚ್ಚೆತ್ತುಕೊಳ್ಳುವ ಯಂತ್ರವಲ್ಲ. ಮುಂದೇನಾಗುತ್ತದೆ ಅಂತ ಸದಾ ಊಹಿಸುತ್ತಲೇ ಇರುತ್ತದೆ. ಊಹೆ ಸರಿಯಾದರೆ ಸುಮ್ಮನಿರುತ್ತದೆ, ತಪ್ಪಿದರೆ ಮಾತ್ರ ಗಮನ ಅತ್ತ ತಿರುಗುತ್ತದೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಇಳಿಸಿ ರಾತ್ರಿ ಹಳ್ಳಿಗೆ ಮರಳುವ ಬಂಡಿಯಲ್ಲಿ ಹೊಡೆಯುವವನು ಮಲಗಿಬಿಡುತ್ತಿದ್ದ, ಎತ್ತುಗಳಿಗೆ ದಾರಿ ಗೊತ್ತು. ದಾರಿ ಹೊಸದಾದರೆ? ಹಗ್ಗ ಹಿಡಿದು ರಾತ್ರಿಯೆಲ್ಲ ಎದ್ದು ಕೂರಬೇಕು. ಪರದೇಶದಲ್ಲಿ ನಮ್ಮ ಗಮನದ ಪಾಡೂ ಅದೇ. ಗಮನವೋ ಬಲು ಚಿಕ್ಕದು, ಒಮ್ಮೆಗೆ ನಾಲ್ಕೈದು ಸಂಗತಿಗಿಂತ ಜಾಸ್ತಿ ಹಿಡಿಯದು.

ನಮ್ಮ ಹುಡುಗ ಟೋಕಿಯೊದ ಅಂಗಡಿಯಲ್ಲಿ ನೋಟನ್ನು ಕೈಗೆ ಕೊಡಲು ಹೋದ. ಅಂಗಡಿಯಾಕೆ ನಗುತ್ತಲೇ ಒಂದು ಪುಟ್ಟ ಟ್ರೇ ಮುಂದೆ ಸರಿಸಿದಳು. ದುಡ್ಡು ಅದರಲ್ಲಿಡಬೇಕು. ಎಸ್ಕಲೇಟರ್‌ನಲ್ಲಿ ಎಡಕ್ಕೆ ನಿಲ್ಲುವುದನ್ನು ಕಲಿತ. ಒಸಾಕಾಕ್ಕೆ ಹೋದರೆ ಅಲ್ಲಿ ಬಲಕ್ಕೆ ನಿಲ್ಲುತ್ತಾರೆ! ಕಲಬುರಗಿ ಬಸ್ಸಿನಲ್ಲಿ ಪಕ್ಕದವರ ಮನೆ ಸುದ್ದಿಯೆಲ್ಲ ಕೇಳಿ ಬೆಳೆದವನಿಗೆ, ಫೋನಿನಲ್ಲೂ ಯಾರೂ ಮಾತಾಡದ ರೈಲೂ ಹೊಸದೇ. ಒಂದೊಂದೂ ಸಣ್ಣದೇ, ಆದರೆ ದಿನಕ್ಕೆ ಎಷ್ಟು!

ಅಂದಹಾಗೆ, ಇದು ಗ್ಲೂಕೋಸ್ ಕುಡಿದರೆ ಹೋಗುವ ಸುಸ್ತಲ್ಲ. ಮಿದುಳಿನ ತೂಕ ಮೈತೂಕದ 2 ಶೇಕಡಾ, ಖರ್ಚು ಮಾತ್ರ ಶಕ್ತಿಯ 20 ಶೇಕಡಾ, ನಿಜ. ಆದರೆ ಎಷ್ಟು ತಲೆ ಕೆಡಿಸಿಕೊಂಡರೂ ಆ ಖರ್ಚು ಹೆಚ್ಚೇನೂ ಏರುವುದಿಲ್ಲ.

ನಿದ್ದೆಯ ಕತೆ ಇನ್ನೂ ಮಜಾ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಎಡಭಾಗ ಪೂರ್ತಿ ಮಲಗುವುದಿಲ್ಲ, ಅರೆ ಎಚ್ಚರದಲ್ಲಿ ಕಾವಲು ಕಾಯುತ್ತದೆ. ಅದೇ ಜಾಗದಲ್ಲಿ ಮತ್ತೆ ಮಲಗಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ದಿನಕ್ಕೊಂದು ಹಾಸ್ಟೆಲ್ ಬದಲಿಸುವ ಬ್ಯಾಕ್‌ಪ್ಯಾಕರ್‌ಗಳಿಗೆ ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ, ಅಲ್ವಾ?

ಮೊದಲು ಖುಷಿ, ಆಮೇಲೆ ಬೇಸರ, ಕೊನೆಗೆ ಹೊಂದಾಣಿಕೆ ಎನ್ನುವ ಗೆರೆಯ ಚಿತ್ರ ನೋಡಿರುತ್ತೀರಿ. ಅದರ ಮೂಲ, ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯವರನ್ನು ಕೇಳಿ ಸಮಾಜಶಾಸ್ತ್ರಜ್ಞ ಲಿಸ್ಗಾರ್ಡ್ 1955ರಲ್ಲಿ ಬರೆದದ್ದು. ಒಬ್ಬೊಬ್ಬರನ್ನೇ ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಿದ್ದಲ್ಲ. ಮುಂದೆ ನ್ಯೂಜಿಲೆಂಡ್‌ಗೆ ಓದಲು ಹೋದ ಜಪಾನಿ ವಿದ್ಯಾರ್ಥಿಗಳನ್ನು ಹಾಗೆ ಹಿಂಬಾಲಿಸಿದಾಗ, ಕಷ್ಟ ಜಾಸ್ತಿ ಇದ್ದದ್ದು ಆರಂಭದಲ್ಲೇ. ಹಾಗಾಗಿ ಮೊದಲ ದಿನವೇ ಅಳು ಬಂದರೆ ನಿಮ್ಮಲ್ಲೇನೋ ಕೊರತೆ ಇದೆ ಅಂದುಕೊಳ್ಳಬೇಡಿ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ಒಂದೂರಿನಲ್ಲಿ ಮೂರು ರಾತ್ರಿಯಾದರೂ ಇರು. ಬೆಳಿಗ್ಗೆ ಅದೇ ಅಂಗಡಿಯಲ್ಲಿ ಅದೇ ತಿಂಡಿ ತಿನ್ನು. ಒಂದಿಷ್ಟು ಊಹೆ ಸರಿಯಾಗತೊಡಗಿದರೆ ಉಳಿದದ್ದಕ್ಕೆ ಗಮನ ಉಳಿಯುತ್ತದೆ. ಬ್ಯಾಗಿನಲ್ಲಿರುವ ಶೇಂಗಾ ಹಿಂಡಿಯನ್ನು ಮೊದಲ ವಾರವೇ ಖಾಲಿ ಮಾಡಬೇಡ. ನಿಕಿತಿನ್ ಕೂಡ ಖೋಜಾ ಯೂಸುಫ್ ಖೊರಾಸಾನಿ ಅಂತ ಇಲ್ಲಿಯ ಕಿವಿಗೆ ಒಗ್ಗುವ ಹೆಸರಿಟ್ಟುಕೊಂಡು ಕಾಲ ಹಾಕಿದ.

ವಾಪಸು ಬಂದ ಮೇಲೂ ಇದೇ ಪಾಡು ಇನ್ನೊಮ್ಮೆ ಬರುತ್ತದೆ ಅಂತ ಸಂಶೋಧಕರಾದ ಗುಲ್ಲಹಾರ್ನ್ ದಂಪತಿ 1963ರಲ್ಲೇ ಬರೆದಿದ್ದಾರೆ. ಮೌನದ ರೈಲಿಗೆ ಒಗ್ಗಿದ ಕಿವಿಗೆ ನಮ್ಮ ಹಾರ್ನ್ ಹೊಸದೇ. ಬಂದ ವಾರವೇ ಅವನನ್ನು ಹೆಣ್ಣು ನೋಡಲು ಕರೆದೊಯ್ಯಬೇಡ ಅಂತ ಅಕ್ಕನಿಗೆ ಹೇಳಿದ್ದೇನೆ. ಆಕೆ ಆಗಲೇ ಯಾದಗಿರಿಯವರಿಗೆ ಮಾತು ಕೊಟ್ಟಾಗಿದೆಯಂತೆ.