‘ವಿಕಟಕವಿ’ಗೆ ಎಷ್ಟು ದಾರಿ?

ಪ್ರಶ್ನೆ: ಅಕ್ಷರಗಳನ್ನು ಚೌಕದಲ್ಲಿ ಜೋಡಿಸಿ, ‘ಈ ಪದವನ್ನು ಎಷ್ಟು ದಾರಿಗಳಲ್ಲಿ ಓದಬಹುದು?’ ಎಂದು ಕೇಳುವ ಒಗಟುಗಳಿರುತ್ತವಲ್ಲ, ಅವನ್ನು ಬೆರಳಿಟ್ಟು ಎಣಿಸಿದರೆ ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ತಪ್ಪದೆ ಎಣಿಸುವ ಕ್ರಮ ಯಾವುದು?

ಉತ್ತರ: ದಾರಿಗಳನ್ನು ಎಣಿಸಲು ಹೋಗಬೇಡಿ. ಒಂದೊಂದು ಮನೆಗೂ ಒಂದು ಅಂಕಿ ಬರೆಯಿರಿ. ಆ ಅಕ್ಷರದವರೆಗೆ ಎಷ್ಟು ರೀತಿಯಲ್ಲಿ ಬಂದು ಮುಟ್ಟಬಹುದು ಎಂಬುದೇ ಆ ಅಂಕಿ. ಹಿಂದಿನಿಂದ ಓದಿದರೂ ಅದೇ ಆಗುವ ‘ವಿಕಟಕವಿ’ಯನ್ನೇ ತೆಗೆದುಕೊಳ್ಳೋಣ.

ವಿ  ಕ  ಟ
ಕ  ಟ  ಕ
ಟ  ಕ  ವಿ

ಎಡಮೂಲೆಯ ಮೇಲಿನ ‘ವಿ’ಯಿಂದ ಹೊರಡಬೇಕು, ಬಲಕ್ಕೆ ಅಥವಾ ಕೆಳಕ್ಕೆ ಮಾತ್ರ ಸರಿಯಬೇಕು ಎಂದಿಟ್ಟುಕೊಳ್ಳಿ. ಹೊರಡುವ ಮನೆಗೆ 1 ಹಾಕಿ. ಉಳಿದ ಪ್ರತಿ ಮನೆಗೂ ಅದರ ಎಡಗಡೆಯ ಅಂಕಿ ಮತ್ತು ಮೇಲಿನ ಅಂಕಿ ಕೂಡಿಸಿ ಬರೆಯಿರಿ. ಎಡಕ್ಕೋ ಮೇಲಕ್ಕೋ ಮನೆ ಇಲ್ಲದಿದ್ದರೆ ಅದನ್ನು ಸೊನ್ನೆ ಎಂದು ಹಿಡಿಯಿರಿ.

1  1  1
1  2  3
1  3  6

ಕೊನೆಯ ಮನೆಯ 6 ಉತ್ತರ. ಇಲ್ಲಿ ಒಟ್ಟು ನಾಲ್ಕು ಹೆಜ್ಜೆ, ಅದರಲ್ಲಿ ಎರಡು ಬಲಕ್ಕೆ. ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆಗಳು (4×3)÷(1×2), ಅಂದರೆ 6. ಹೀಗೆ ಮೇಲೆ ಇಳಿಕೆಯ ಸಂಖ್ಯೆಗಳು, ಕೆಳಗೆ ಏರಿಕೆಯ ಸಂಖ್ಯೆಗಳು ಇಟ್ಟು ಭಾಗಿಸುವ ನಿಯಮವನ್ನು 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾನೆ. ಹನ್ನೊಂದು ಅಕ್ಷರದ ಪದವನ್ನು 6×6 ಚೌಕದಲ್ಲಿ ಇಟ್ಟರೆ ಹತ್ತು ಹೆಜ್ಜೆಯಲ್ಲಿ ಐದು ಬಲಕ್ಕೆ: 252 ದಾರಿ. ಬೆರಳಿಟ್ಟು ಎಣಿಸುವವರು ಇಲ್ಲಿ ಸೋಲುವುದು ಸಹಜ.

ಸೂತ್ರ ಗೊತ್ತಿದ್ದರೂ ಅಂಕಿ ಹಾಕುವ ಕ್ರಮವನ್ನು ಬಿಡಬಾರದು. ಚಿತ್ರದಲ್ಲಿ ಒಂದು ಮನೆ ಖಾಲಿಯಿದ್ದರೆ ಸೂತ್ರ ಕೈಕೊಡುತ್ತದೆ. ನಡುವಿನ ‘ಟ’ವನ್ನು ಅಳಿಸಿ ನೋಡಿ: ಅಲ್ಲಿ ಸೊನ್ನೆ ಬಂದು, ಕೊನೆಯ ಮನೆಗೆ 2 ಮಾತ್ರ ಉಳಿಯುತ್ತದೆ. ಚೌಕ ಓರೆಕೋರೆಯಾಗಿದ್ದರೂ, ಅಕ್ಷರ ಅಲ್ಲಲ್ಲಿ ಬದಲಾಗಿದ್ದರೂ ಅಂಕಿಯ ಕ್ರಮ ನಡೆಯುತ್ತದೆ.

ಆದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರಲು ಮುಖ್ಯ ಕಾರಣ ಕೂಡುವ ತಪ್ಪಲ್ಲ, ನಿಯಮವನ್ನು ಓದದಿರುವುದು. ಇದೇ ಒಂಬತ್ತು ಮನೆಗೆ ಮೂರು ಸರಿಯುತ್ತರಗಳಿವೆ. ಬಲಕ್ಕೆ, ಕೆಳಕ್ಕೆ ಮಾತ್ರ ಎಂದರೆ 6. ಯಾವ ‘ವಿ’ಯಿಂದಲಾದರೂ ಹೊರಡಬಹುದು, ನಾಲ್ಕೂ ದಿಕ್ಕಿಗೆ ಹೋಗಬಹುದು, ಆದರೆ ಮುಟ್ಟಿದ ಮನೆಯನ್ನು ಮತ್ತೆ ಮುಟ್ಟಬಾರದು ಎಂದರೆ 12: ಇತ್ತಿಂದತ್ತ 6, ಅತ್ತಿಂದಿತ್ತ 6. ಮತ್ತೆ ಮುಟ್ಟಬಹುದು ಎಂದರೆ, ‘ಟ’ವರೆಗೆ ಹೋಗಿ ಹೊರಟ ‘ವಿ’ಗೇ ಹಿಂದಿರುಗುವ ದಾರಿಗಳೂ ಸೇರಿ 24.

24ನ್ನು ಪಡೆಯಲು ಒಂದು ಚುರುಕಾದ ಉಪಾಯವಿದೆ. ಪದ ಎರಡೂ ಕಡೆಯಿಂದ ಒಂದೇ ಆದ್ದರಿಂದ ಒಂದು ‘ಟ’ಗೆ ಬರಲು ಎಷ್ಟು ದಾರಿಯೋ ಅಲ್ಲಿಂದ ಮುಗಿಸಲೂ ಅಷ್ಟೇ ದಾರಿ. ಎರಡು ಮೂಲೆಗಳಿಂದ ಮೂರು ‘ಟ’ಗಳಿಗೆ ಬರುವ ದಾರಿಗಳು 2, 4, 2. ಒಂದೊಂದನ್ನೂ ವರ್ಗ ಮಾಡಿ ಕೂಡಿಸಿ: 4+16+4.

ಓರೆಯಾಗಿ ಹೋಗಬಹುದೇ ಎಂದು ಅನೇಕರು ತಲೆಕೆಡಿಸಿಕೊಳ್ಳುತ್ತಾರೆ. ಈ ಚೌಕದಲ್ಲಿ ಅದರಿಂದ ಏನೂ ಬದಲಾಗದು. ಓರೆ ಹೆಜ್ಜೆ ಇಟ್ಟರೆ ಒಂದೋ ಅದೇ ಅಕ್ಷರಕ್ಕೆ ಬೀಳುತ್ತೀರಿ, ಇಲ್ಲವೇ ಒಂದು ಅಕ್ಷರ ಜಿಗಿದಿರುತ್ತೀರಿ. ಮುಂದಿನ ಅಕ್ಷರ ಓರೆಯಲ್ಲಿ ಸಿಗುವುದೇ ಇಲ್ಲ.

ವಜ್ರದ ಆಕಾರದ ಚಿತ್ರಗಳು ಇದಕ್ಕಿಂತ ಸೊಗಸು.

　　ವಿ
　ವಿ ಕ ವಿ
ವಿ ಕ ಟ ಕ ವಿ
　ವಿ ಕ ವಿ
　　ವಿ

ಇಲ್ಲಿ ನಡುವಿನಿಂದ ಹೊರಕ್ಕೆ ಎಣಿಸಿ. ‘ಟ’ದಿಂದ ನಾಲ್ಕು ‘ಕ’, ಪ್ರತಿ ‘ಕ’ದಿಂದ ಮೂರು ‘ವಿ’: 12. ಬರುವುದಕ್ಕೂ 12, ಹೋಗುವುದಕ್ಕೂ 12, ಒಟ್ಟು 144. ಮನೆ ಮರುಕಳಿಸಬಾರದು ಎಂದಿದ್ದರೆ ಎರಡು ಬಾಬತ್ತು ಕಳೆಯಬೇಕು: ಬಂದ ‘ಕ’ದಲ್ಲೇ ಹಿಂದಿರುಗುವ 36 ದಾರಿಗಳು, ‘ಕ’ ಬೇರೆಯಾದರೂ ಹೊರಟ ‘ವಿ’ಯಲ್ಲೇ ಮುಗಿಯುವ 8 ದಾರಿಗಳು. ಉಳಿಯುವುದು 100. ಮೊದಲನೆಯದನ್ನು ಕಳೆದು ಎರಡನೆಯದನ್ನು ಮರೆತವರ ಉತ್ತರ 108 ಆಗಿರುತ್ತದೆ.

ಅಮೆರಿಕದ ಒಗಟುಗಾರ ಸ್ಯಾಮ್ ಲಾಯ್ಡ್ ಇಂಥದೇ ದೊಡ್ಡ ವಜ್ರವನ್ನು ಹದಿಮೂರು ಅಕ್ಷರದ ಇಂಗ್ಲಿಷ್ ವಾಕ್ಯ ‘ವಾಸ್ ಇಟ್ ಎ ಕ್ಯಾಟ್ ಐ ಸಾ’ದಿಂದ ಕಟ್ಟಿದ್ದ. ನಡುವಿನಿಂದ ಅಂಚಿಗೆ ಆರು ಹೆಜ್ಜೆ. ಹೊರಕ್ಕೆ ಹೋಗುವ ದಾರಿಗಳು 4×(64−1), ಅಂದರೆ 252. ಅದರ ವರ್ಗ 63,504. ಮೇಲಿನ 6×6 ಚೌಕದ ಉತ್ತರವೂ 252 ಆದದ್ದು ಬರೀ ಕಾಕತಾಳೀಯ.

ವಜ್ರವನ್ನು ಅರ್ಧಕ್ಕೆ ಕತ್ತರಿಸಿದ ಗೋಪುರದಲ್ಲಿ ಇನ್ನೊಂದು ಹೊಂಡವಿದೆ.

　　ಕ
　ಕ ನ್ನ ಕ
ಕ ನ್ನ ಡ ನ್ನ ಕ

ಕೊನೆಯ ‘ಡ’ದಿಂದ ಹಿಂದಕ್ಕೆ ಹೋದರೆ ಎಡ ಭಾಗದಲ್ಲಿ ಪ್ರತಿ ಹೆಜ್ಜೆಗೂ ಎರಡು ಆಯ್ಕೆ, ಒಟ್ಟು 4. ಬಲಕ್ಕೂ 4. ಆದರೆ ಉತ್ತರ 8 ಅಲ್ಲ, 7. ನೆಟ್ಟಗೆ ಮೇಲಿನಿಂದ ಇಳಿಯುವ ದಾರಿ ಎರಡೂ ಕಡೆ ಲೆಕ್ಕಕ್ಕೆ ಬಂದಿರುತ್ತದೆ.

ಇಂಥ ಒಗಟನ್ನು ನೀವೇ ಕಟ್ಟುವುದಾದರೆ ಒಂದು ಮನೆಗೆ ಒಂದು ಪೂರ್ತಿ ಅಕ್ಷರ ಇಡಿ, ಒತ್ತಕ್ಷರ ಮತ್ತು ಗುಣಿತ ಸಮೇತ. ಕೈಯಲ್ಲಿ ಬರೆಯುವಾಗ ಇದು ತಾನಾಗಿ ಆಗುತ್ತದೆ. ಕಂಪ್ಯೂಟರಿನಲ್ಲಿ ‘ವಿಕಟಕವಿ’ಯನ್ನು ಯೂನಿಕೋಡ್ ಸಂಕೇತಗಳಾಗಿ ಒಡೆದರೆ ಐದರ ಬದಲು ಏಳು ತುಂಡು ಬರುತ್ತವೆ, ಏಕೆಂದರೆ ‘ವಿ’ಯ ಗುಡಿಸು ಪ್ರತ್ಯೇಕ ಸಂಕೇತ. ಅದನ್ನು ಹಾಗೇ ತಿರುಗಿಸಿದರೆ ಮೊದಲಿಗೇ ಒಂಟಿ ಗುಡಿಸು ನಿಲ್ಲುತ್ತದೆ, ಪದ ಎರಡೂ ಕಡೆಯಿಂದ ಒಂದೇ ಆಗಿ ಉಳಿಯುವುದಿಲ್ಲ. ‘ನ್ನ’ ಒಂದೇ ಮೂರು ಸಂಕೇತ. ಸ್ಪ್ರೆಡ್‌ಶೀಟಿನಲ್ಲಾದರೆ ಅಕ್ಷರಗಳನ್ನು ಸೂತ್ರದಿಂದ ಒಡೆಸದೆ ಮನೆಮನೆಗೆ ಕೈಯಾರೆ ಟೈಪ್ ಮಾಡಿ. ಎಡಕ್ಕೂ ಮೇಲಕ್ಕೂ ಒಂದೊಂದು ಸಾಲು ಖಾಲಿ ಬಿಟ್ಟು, ಪಕ್ಕದಲ್ಲಿ ಅಷ್ಟೇ ಮನೆಗಳ ಇನ್ನೊಂದು ಚೌಕ ಮಾಡಿ, ಹೊರಡುವ ಮನೆಗೆ 1, ಉಳಿದವಕ್ಕೆ ‘ಎಡ + ಮೇಲೆ’ ಸೂತ್ರ ಹಾಕಿದರೆ ಅಂಕಿಗಳು ತಾವೇ ತುಂಬಿಕೊಳ್ಳುತ್ತವೆ.