ಮೈಸೂರು ಮಹಾರಾಜರಿಗೂ ರಷ್ಯಾದ ಪಿಯಾನೊ ವಾದಕನಿಗೂ ಎತ್ತಣ ನಂಟು?

ಪ್ರಶ್ನೆ: ಜಯಚಾಮರಾಜೇಂದ್ರ ಒಡೆಯರ್ ಅವರು ಯಾರೋ ರಷ್ಯನ್ ಪಿಯಾನೊ ವಾದಕರ ಸಂಗೀತವನ್ನು ಹಣ ಕೊಟ್ಟು ಧ್ವನಿಮುದ್ರಣ ಮಾಡಿಸಿದ್ದರಂತೆ. ಇದು ನಿಜವೇ? ಅಷ್ಟು ದೂರದ ಕಲಾವಿದರಿಗೆ ಮೈಸೂರಿನಿಂದ ಹಣ ಹೋಗುವ ಅಗತ್ಯವೇನಿತ್ತು?

ನಿಜ. ಆ ವಾದಕರ ಹೆಸರು ನಿಕೊಲಾಯ್ ಮೆಟ್ನರ್. ಮಹಾರಾಜರ ಔದಾರ್ಯದ ಬಗ್ಗೆ ಮೈಸೂರಿನಲ್ಲಿ ಮಾತಾಡುವವರು ಬೇಕಾದಷ್ಟು ಜನ. ಆದರೆ ಆ ಹಣ ಬೇಕಾದದ್ದು ಏಕೆ ಎಂಬುದಕ್ಕೆ ಉತ್ತರ ಇರುವುದು ಮೆಟ್ನರ್ ಬದುಕಿನಲ್ಲಿ.

1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್, 1900ರಲ್ಲಿ ಅಲ್ಲಿನ ಸಂಗೀತ ವಿದ್ಯಾಲಯವಾದ ಕನ್ಸರ್ವೇಟರಿಯಿಂದ ಹೊರಬಂದಾಗ ಎಲ್ಲರೂ ಎದುರು ನೋಡಿದ್ದು ಒಬ್ಬ ದೊಡ್ಡ ಕಛೇರಿ ವಾದಕನನ್ನು. ಗುರು ಸಫೋನೊವ್ ಅವರ ಆಸೆಯೂ ಅದೇ. ಶಿಷ್ಯನ ಮನಸ್ಸು ಮಾತ್ರ ರಚನೆಯ ಕಡೆಗಿತ್ತು. ಆ ಕಾಲದ ಪಿಯಾನೊ ವಾದಕರ ಜೀವನವೆಂದರೆ ಊರೂರು ತಿರುಗುವುದು, ಶೋಪಾನನದೂ ಲಿಸ್ಟನದೂ ಅವೇ ಕೃತಿಗಳನ್ನು ಊರು ಬದಲಿಸಿ ನುಡಿಸುವುದು. ಗೆಳೆಯ, ರಚನಕಾರ ಮತ್ತು ಪಿಯಾನೊ ವಾದಕ ರಖ್ಮನಿನೋವ್ ಈ ದಾರಿಯಲ್ಲಿ ನಡೆದು ಹಣವನ್ನೂ ಹೆಸರನ್ನೂ ಗಳಿಸಿದರು. ಮೆಟ್ನರ್ ಹೆಚ್ಚಾಗಿ ತಮ್ಮದೇ ಕೃತಿಗಳನ್ನು ನುಡಿಸಿದರು, ಜೊತೆಗೆ ಬೀಥೋವನ್. 3 ಕಾನ್ಸರ್ಟೊ (ವಾದ್ಯವೃಂದದೊಡನೆ ಪಿಯಾನೊ ನುಡಿಸುವ ದೊಡ್ಡ ಕೃತಿ), 14 ಪಿಯಾನೊ ಸೊನಾಟಾ (ಒಂಟಿ ಪಿಯಾನೊಗೆ ಬರೆದ ಕೃತಿ), ನೂರಕ್ಕೂ ಹೆಚ್ಚು ಹಾಡುಗಳು, ‘ಕಥೆಗಳು’ ಎಂದು ಅವರೇ ಕರೆದ ಚಿಕ್ಕ ಚಿಕ್ಕ ರಚನೆಗಳು: ಇವುಗಳಲ್ಲಿ ಪಿಯಾನೊ ಇಲ್ಲದ ಕೃತಿ ಒಂದೂ ಇಲ್ಲ. ಟಿಕೆಟ್ ಮಾರುವವರಿಗೆ ಇಂಥ ಕಲಾವಿದ ತಲೆನೋವು.

ಕ್ರಾಂತಿಯ ನಂತರ, 1921ರಲ್ಲಿ ಅವರು ರಷ್ಯಾ ಬಿಟ್ಟರು. ಬರ್ಲಿನ್ ಒಗ್ಗಲಿಲ್ಲ, ಪ್ಯಾರಿಸ್ ಆದರಿಸಲಿಲ್ಲ. ಅಲ್ಲಿ ಆಗ ಆಧುನಿಕ ರಚನಕಾರ ಸ್ಟ್ರಾವಿನ್ಸ್ಕಿಯ ಕಾಲ, ಮೆಟ್ನರ್ ಅವರಿಗೋ ಆಧುನಿಕರ ಸಂಗೀತ ಕಿವಿಗೆ ಬಿದ್ದರೆ ಸಿಟ್ಟು. ಆ ಸಿಟ್ಟನ್ನೆಲ್ಲ ಸೇರಿಸಿ 1935ರಲ್ಲಿ ಒಂದು ಪುಸ್ತಕವನ್ನೇ ಬರೆದರು. 1924ರ ಅಮೆರಿಕ ಪ್ರವಾಸಕ್ಕೂ ಆ ಪುಸ್ತಕದ ಪ್ರಕಟಣೆಗೂ ಬೆನ್ನಿಗೆ ನಿಂತವರು ರಖ್ಮನಿನೋವ್. ಕೊನೆಗೆ ನೆಲೆ ಸಿಕ್ಕಿದ್ದು ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ. ಪಾಠ ಹೇಳಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಾಗ ಯುದ್ಧ ಬಂತು. ಶಿಷ್ಯೆ ಎಡ್ನಾ ಐಲ್ಸ್ ಕುಟುಂಬ ಆಶ್ರಯ ಕೊಟ್ಟಿತು, 1942ರಲ್ಲಿ ಹೃದಯಾಘಾತವಾಯಿತು. 1943ರಲ್ಲಿ ರಖ್ಮನಿನೋವ್ ತೀರಿಕೊಂಡರು. ಇನ್ನು ಕೈ ಹಿಡಿಯುವವರು ಯಾರು?

ಇಲ್ಲಿ ಮೈಸೂರು ಬರುತ್ತದೆ. 1919ರಲ್ಲಿ ಹುಟ್ಟಿದ ಜಯಚಾಮರಾಜೇಂದ್ರರು ಬೆಳೆದದ್ದು ಕರ್ನಾಟಕ, ಪಾಶ್ಚಾತ್ಯ ಎರಡೂ ಸಂಗೀತ ಕೇಳುತ್ತಿದ್ದ ಅರಮನೆಯಲ್ಲಿ. ನಾಲ್ವಡಿ ಕೃಷ್ಣರಾಜರ ಕಾಲದಲ್ಲೇ ಅಲ್ಲಿ ಪಾಶ್ಚಾತ್ಯ ವಾದ್ಯವೃಂದವಿತ್ತು, ಜರ್ಮನಿಯ ಆಟೋ ಸ್ಮಿತ್ ಅದರ ನಿರ್ದೇಶಕರು. ರಾಜಕುಮಾರರು ಪಿಯಾನೊವನ್ನು ಗಂಭೀರವಾಗಿಯೇ ಕಲಿತರು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡು ಪಟ್ಟ ಬಂದ ಮೇಲೆ ವಾದಕರಾಗುವ ಮಾತು ಅಲ್ಲಿಗೇ ನಿಂತಿತು. ಮುಂದೆ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದವರೂ ಇವರೇ. ಪಾಶ್ಚಾತ್ಯ ಸಂಗೀತದ ಸಹಸ್ರಾರು ರೆಕಾರ್ಡುಗಳನ್ನು ಕೂಡಿಹಾಕಿದ್ದ ಅವರಿಗೆ, ಬದುಕಿರುವ ಮೆಟ್ನರ್ ಕೃತಿಗಳು ಅಂಗಡಿಯಲ್ಲಿ ಸಿಗುವುದಿಲ್ಲ ಎಂಬುದು ಸಹಿಸಲಾಗದ ಕೊರತೆಯಾಗಿ ಕಂಡಿರಬೇಕು. ಆ ಕೃತಿಗಳನ್ನು ಮುದ್ರಿಸಲೆಂದೇ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಹಣ ಮಹಾರಾಜರದು, ಧ್ವನಿಮುದ್ರಣ ಎಚ್‌ಎಂವಿ ಕಂಪನಿಯದು.

1947ರಲ್ಲಿ ಫಿಲಾರ್ಮೋನಿಯಾ ಆರ್ಕೆಸ್ಟ್ರಾದೊಡನೆ ಮೂರೂ ಕಾನ್ಸರ್ಟೊಗಳು ಮುದ್ರಣವಾದವು. ಮೆಟ್ನರ್ ವಯಸ್ಸು ಆಗ 67. ಟೇಪ್ ಇನ್ನೂ ರೂಢಿಗೆ ಬಂದಿರಲಿಲ್ಲ. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಯ ಒಂದು ಬದಿಗೆ ಹಿಡಿಸುವುದು ನಾಲ್ಕು, ನಾಲ್ಕೂವರೆ ನಿಮಿಷ. ಅರ್ಧ ಗಂಟೆಗೂ ಮೀರುವ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು. ಪ್ರತಿ ತುಂಡನ್ನೂ ಹಿಂದಿನದು ನಿಂತ ಅದೇ ಲಯ, ಅದೇ ಕಾವಿನಲ್ಲಿ ಎತ್ತಿಕೊಳ್ಳಬೇಕು. ಒಂದು ಸ್ವರ ತಪ್ಪಿದರೂ ಕತ್ತರಿಸಿ ಅಂಟಿಸುವಂತಿಲ್ಲ, ಬದಿ ಪೂರ್ತಿ ಮತ್ತೆ ನುಡಿಸಬೇಕು. ಹೃದಯದ ಕಾಯಿಲೆಯವರಿಗೆ ಇದು ಸಣ್ಣ ಕೆಲಸವಲ್ಲ. ಹಾಗಿದ್ದೂ ಈ ಮುದ್ರಣಗಳಲ್ಲಿ ಮುಪ್ಪಿನ ಬಳಲಿಕೆ ನನಗಂತೂ ಕೇಳಿಸಿಲ್ಲ. ಲಯ ಬಿಗಿಯಾಗಿದೆ, ಭಾವ ಉಕ್ಕಬಹುದಾದ ಕಡೆ ಅವರು ಬೇಕೆಂದೇ ಒಣಗಾಗಿ ನುಡಿಸುತ್ತಾರೆ. ತಮ್ಮ ಕೃತಿಯನ್ನು ಹೇಗೆ ನುಡಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಮುಂದೆ ಹಾಡುಗಳೂ ಸೇರಿದವು. 1950ರಲ್ಲಿ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದಾಗ ಪಿಯಾನೊ ನುಡಿಸಿದವರು ಸ್ವತಃ ಮೆಟ್ನರ್. ದಶಕಗಳ ಹಿಂದೆ ಆರಂಭಿಸಿ 1949ರಲ್ಲಿ ಮುಗಿಸಿದ ಪಿಯಾನೊ ಕ್ವಿಂಟೆಟ್ (ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳ ಕೃತಿ) ಕೂಡ ಮುದ್ರಣವಾಯಿತು. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡರು. ಮೂರನೆಯ ಕಾನ್ಸರ್ಟೊವನ್ನು ಅವರು ಕೃತಜ್ಞತೆಯಿಂದ ಅರ್ಪಿಸಿರುವುದು ಮೈಸೂರಿನ ಮಹಾರಾಜರಿಗೆ.

ಒಂದು ಮಾತನ್ನು ಮರೆಮಾಚಬಾರದು. ಆ ಕಾನ್ಸರ್ಟೊಗಳು ಲಂಡನ್ನಿನಲ್ಲಿ ಮುದ್ರಣವಾದ 1947ರಲ್ಲೇ ಜನ ಜವಾಬ್ದಾರಿ ಸರ್ಕಾರ ಕೇಳಿ ‘ಮೈಸೂರು ಚಲೋ’ ಎಂದು ಬೀದಿಗಿಳಿದಿದ್ದರು. ಅರಮನೆಯ ಹಣ ಗೋಲ್ಡರ್ಸ್ ಗ್ರೀನ್‌ಗೆ ಹೋಗಬೇಕಿತ್ತೇ ಎಂದು ಆಗ ಯಾರಾದರೂ ಕೇಳಿದ್ದರೆ ಅದು ನ್ಯಾಯವಾದ ಪ್ರಶ್ನೆಯೇ. ನನ್ನ ಲೆಕ್ಕದಲ್ಲಿ ಆ ಹಣ ವ್ಯರ್ಥವಾಗಲಿಲ್ಲ, ಇಲ್ಲದಿದ್ದರೆ ಮೆಟ್ನರ್ ತಮ್ಮ ಕಾನ್ಸರ್ಟೊಗಳನ್ನು ನುಡಿಸಿದ್ದು ನಮಗೆ ಕೇಳಲು ಸಿಗುತ್ತಿರಲಿಲ್ಲ.

ಕೇಳಬೇಕೆನ್ನುವವರಿಗೆ ಆ ಹಳೆಯ ಮುದ್ರಣಗಳು ಈಗ ಸಿಡಿಯಲ್ಲೂ ಅಂತರ್ಜಾಲದಲ್ಲೂ ಸಿಗುತ್ತವೆ. ಮಹಾರಾಜರ ಹೆಸರಿದೆ ಎಂಬ ಅಭಿಮಾನಕ್ಕೆ ಮೂರನೆಯ ಕಾನ್ಸರ್ಟೊದಿಂದಲೇ ಶುರುಮಾಡಬೇಡಿ, ಅದು ಬೇಗ ಒಲಿಯುವ ಕೃತಿಯಲ್ಲ. ಮೊದಲು ಮೂರು ನಾಲ್ಕು ನಿಮಿಷದ ‘ಕಥೆಗಳನ್ನು’ ಕೇಳಿ, ಆಮೇಲೆ ಎರಡನೆಯ ಕಾನ್ಸರ್ಟೊ. ಅದು ರಖ್ಮನಿನೋವ್ ಅವರಿಗೆ ಅರ್ಪಿಸಿದ್ದು. ಹಳೆಯ ತಟ್ಟೆಯ ಗರಗರ ಸದ್ದು ಸೇರದವರು ಸೊನಾಟಾಗಳಿಗೆ ಪಿಯಾನೊ ವಾದಕ ಮಾರ್ಕ್-ಆಂದ್ರೆ ಹ್ಯಾಮೆಲಿನ್ ಅವರ ಮುದ್ರಣವನ್ನು ಹುಡುಕಬಹುದು.