ವಿಡಿಯೊ ಎಲ್ಲಿ ಇಡೋದು? ವ್ಲಾಗ್ ಹುಟ್ಟಿದ ಕಾಲದ ಕಥೆ

ಒಂದು ಸಣ್ಣ ಲೆಕ್ಕ ಮಾಡೋಣ. ಮೂರು ನಿಮಿಷದ ವಿಡಿಯೊ, ಗಾತ್ರ 10 ಎಂಬಿ. ಅದನ್ನು 10,000 ಜನ ನೋಡಿದರು ಅಂದುಕೊಳ್ಳಿ. ಸರ್ವರ್‌ನಿಂದ ಹೊರಗೆ ಹೋದದ್ದು 100 ಜಿಬಿ. 2004ರಲ್ಲಿ ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿದ್ದ ಫ್ರೀಲಾನ್ಸ್ ವಿಡಿಯೊಗಾರನಿಗೆ ಇದು ಖುಷಿಯ ಸುದ್ದಿಯೇನೂ ಆಗಿರಲಿಲ್ಲ. ಸೈಟಿಗೆ ಸರ್ವರ್ ಜಾಗ ಬಾಡಿಗೆ ಕೊಡುವ ಹೋಸ್ಟಿಂಗ್ ಕಂಪನಿ ಹಾಕಿದ ತಿಂಗಳ ಮಿತಿ ಒಂದೆರಡು ದಿನದಲ್ಲೇ ಮುಗಿದುಹೋಗುತ್ತಿತ್ತು. ಸೈಟ್ ನಿಂತುಬಿಡುತ್ತಿತ್ತು, ಇಲ್ಲವೇ ಮಿತಿ ಮೀರಿದ್ದಕ್ಕೆ ಬಿಲ್ ಬರುತ್ತಿತ್ತು. ಜನ ಜಾಸ್ತಿ ನೋಡಿದಷ್ಟೂ ಕೈಯಿಂದ ದುಡ್ಡು ಜಾಸ್ತಿ ಹೋಗುತ್ತಿತ್ತು.

ಫೋನಿನಲ್ಲಿ ತೆಗೆದು ನಿಂತಲ್ಲೇ ಹಾಕಿಬಿಡುವವರಿಗೆ ಇದನ್ನು ನಂಬುವುದೇ ಕಷ್ಟ, ಅಲ್ವಾ? ಆದರೆ ವ್ಲಾಗ್‌ನ, ಅಂದರೆ ವಿಡಿಯೊ ಬ್ಲಾಗ್‌ನ, ಮೊದಲ ಹತ್ತು ವರ್ಷಗಳನ್ನು ನಾನು ಈ ಒಂದೇ ಪ್ರಶ್ನೆ ಹಿಡಿದು ನೋಡುತ್ತೇನೆ: ಮಾಡಿದ ವಿಡಿಯೊ ಎಲ್ಲಿ ಇಡೋದು? ಯಾರ ಜಾಗದಲ್ಲಿ ಇಟ್ಟರೋ ಅವರ ಮಾತೇ ಕೊನೆಗೆ ನಡೆಯಿತು.

ಮೊದಲ ವ್ಲಾಗ್ ಯಾವುದು ಎಂಬ ಮಾತು ಬಂದಾಗ ಹೆಚ್ಚಾಗಿ ಕೇಳುವ ಹೆಸರು ಆ್ಯಡಮ್ ಕಾಂಟ್ರಾಸ್ ಅವರದು. ಮನರಂಜನಾ ಉದ್ಯಮದಲ್ಲಿ ಕೆಲಸ ಹುಡುಕಿಕೊಂಡು ಅವರು ಲಾಸ್ ಏಂಜಲೀಸ್‌ಗೆ ಹೊರಟಿದ್ದರು. ಮನೆಯವರಿಗೂ ಗೆಳೆಯರಿಗೂ ಸುದ್ದಿ ತಿಳಿಸಲು 2000ದ ಜನವರಿ 2ರಂದು ತಮ್ಮ ಬರಹದ ಜೊತೆ ಒಂದು ವಿಡಿಯೊ ಸೇರಿಸಿದರು. ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಏಡ್ರಿಯನ್ ಮೈಲ್ಸ್ ಎಂಬ ಪ್ರಾಧ್ಯಾಪಕರು ಇಂಥ ಕೆಲಸಕ್ಕೆ 'ವಾಗ್' ಎಂದು ಹೆಸರಿಟ್ಟು, ಅದಕ್ಕೊಂದು ಪ್ರಣಾಳಿಕೆಯನ್ನೂ ಬರೆದರು. ಇದು ಟಿವಿಯ ಮರುಹುಟ್ಟಲ್ಲ, ಇದು ವೈಯಕ್ತಿಕವಾದದ್ದು, ಕೈಗೆ ಸಿಗುವ ಸಲಕರಣೆಯಲ್ಲೇ ಮಾಡುವಂಥದ್ದು ಎಂಬುದು ಅದರ ಸಾರ. ಬ್ಯಾಂಡ್‌ವಿಡ್ತ್‌ಗೆ, ಅಂದರೆ ಸಂಪರ್ಕ ಎಷ್ಟು ಡೇಟಾ ಸಾಗಿಸಬಲ್ಲದು ಎಂಬುದಕ್ಕೆ, ಗೌರವ ಕೊಡಬೇಕು ಅನ್ನುವುದೂ ಅದರಲ್ಲಿತ್ತು. ನೋಡುವವರ ಸಂಪರ್ಕ ಎಷ್ಟು ನಿಧಾನ ಎಂದು ತಿಳಿದು ಕೆಲಸ ಮಾಡು ಎಂಬ ಈ ಕಾಳಜಿ ನನಗೆ ತುಂಬಾ ಹಿಡಿಸುತ್ತದೆ.

ಎಷ್ಟು ನಿಧಾನ ಇತ್ತು ಅಂತ ನೋಡಿ. ಫೋನ್ ತಂತಿಯ ಮೂಲಕ ಬರುತ್ತಿದ್ದ 56 ಕೆಬಿಪಿಎಸ್ ಡಯಲ್-ಅಪ್ ಇಂಟರ್ನೆಟ್‌ನಲ್ಲಿ ಎಲ್ಲವೂ ಸರಿಯಾಗಿದ್ದರೂ 10 ಎಂಬಿ ಇಳಿಯಲು 24 ನಿಮಿಷ ಹತ್ತಿರ ಬೇಕು. ಮೂರು ನಿಮಿಷ ನೋಡಲು 24 ನಿಮಿಷ ಕಾಯಬೇಕು. ಅದು ನೋಡುವವರ ಪಾಡು.

ಮಾಡುವವರ ಪಾಡು ಇನ್ನೂ ದೊಡ್ಡದು. ಕ್ಯಾಮೆರಾ ಮಿನಿಡಿವಿ ಟೇಪಿನದು. ಒಂದು ಟೇಪಿಗೆ ಸಾಮಾನ್ಯವಾಗಿ ಒಂದು ಗಂಟೆ. ಶೂಟ್ ಮುಗಿಸಿ ಬಂದ ಮೇಲೆ ಫೈರ್‌ವೈರ್ ಕೇಬಲ್‌ನಿಂದ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಬೇಕು. ಟೇಪ್ ಓಡುತ್ತಾ ಓಡುತ್ತಾ ಒಳಗೆ ಬರಬೇಕು. ಒಂದು ಗಂಟೆಯ ಟೇಪ್ ಬರಲು ಒಂದು ಗಂಟೆಯೇ ಬೇಕು, ಬೇಗ ಮಾಡುವ ದಾರಿ ಇಲ್ಲ. ಅದು ಹಾರ್ಡ್ ಡಿಸ್ಕ್‌ನಲ್ಲಿ ಸುಮಾರು 13 ಜಿಬಿ ಜಾಗ ನುಂಗುತ್ತಿತ್ತು. ಎಡಿಟಿಂಗ್ ಮಾತ್ರ ಆ ಹೊತ್ತಿಗೆ ಸಾಮಾನ್ಯರ ಕೈಗೂ ಸಿಕ್ಕಿತ್ತು. ಆ್ಯಪಲ್‌ನ ಐಮೂವಿ 1999ರಲ್ಲಿ, ಮೈಕ್ರೋಸಾಫ್ಟ್‌ನ ಮೂವಿ ಮೇಕರ್ 2000ದಲ್ಲಿ ಬಂದಿದ್ದವು. ಕತ್ತರಿಸಿ ಜೋಡಿಸಿದ ಮೇಲೆ ಶುರುವಾಗುತ್ತಿತ್ತು ಕುಗ್ಗಿಸುವ ಕೆಲಸ. ಚಿತ್ರವನ್ನು 320ಕ್ಕೆ 240 ಪಿಕ್ಸೆಲ್‌ಗೆ ಇಳಿಸಬೇಕು. ಧ್ವನಿಯನ್ನು ತೆಳುಮಾಡಬೇಕು. ಕ್ವಿಕ್‌ಟೈಮ್ ಫೈಲ್ ಮಾಡಿದರೆ ಕೆಲವರಿಗೆ ತೆರೆಯುವುದಿಲ್ಲ, ವಿಂಡೋಸ್ ಮೀಡಿಯಾ ಮಾಡಿದರೆ ಇನ್ನು ಕೆಲವರಿಗೆ ತೆರೆಯುವುದಿಲ್ಲ. ಹಾಗಾಗಿ ಒಂದೇ ವಿಡಿಯೊವನ್ನು ಎರಡು ಮೂರು ಬಗೆಯಲ್ಲಿ ಮಾಡಿ ಇಡುವವರಿದ್ದರು. ಕಂಪ್ಯೂಟರ್ ರಾತ್ರಿಯಿಡೀ ಅದೇ ಕೆಲಸದಲ್ಲಿ ಮುಳುಗಿರುತ್ತಿತ್ತು. ಇಷ್ಟೆಲ್ಲ ಮಾಡಿದವರಿಗೆ ಆಗ ಒಂದು ಪೈಸೆಯೂ ಬರುತ್ತಿರಲಿಲ್ಲ.

ಬಾಸ್ಟನ್‌ನ ವಿಡಿಯೊ ನಿರ್ಮಾಪಕ ಸ್ಟೀವ್ ಗಾರ್‌ಫೀಲ್ಡ್ 2004ರ ಜನವರಿ 1ರಂದು ತಮ್ಮ ವಿಡಿಯೊ ಬ್ಲಾಗ್ ಶುರುಮಾಡಿ, ಇದು ವಿಡಿಯೊ ಬ್ಲಾಗ್‌ನ ವರ್ಷ ಎಂದು ಸಾರಿದರು. ಅವರ ವಿಡಿಯೊಗಳಲ್ಲಿ ತುಂಬಾ ಇಷ್ಟವಾಗುವಂಥದ್ದು ಅವರ ತಾಯಿಯ ಸರಣಿ. ವಯಸ್ಸಾದ ಆಕೆ ಅಂಗಡಿಯಿಂದ ತಂದ ಡಬ್ಬಿ, ಪೊಟ್ಟಣಗಳ ಮುಚ್ಚಳ ತೆಗೆಯಲು ಒದ್ದಾಡುತ್ತಾರೆ, ಮಗ ಕ್ಯಾಮೆರಾ ಹಿಡಿದಿರುತ್ತಾನೆ. ಅಷ್ಟೇ. ಯಾವ ಟಿವಿ ಚಾನೆಲ್ ಕೂಡ ಇಂಥದ್ದಕ್ಕೆ ಸಮಯ ಕೊಡುತ್ತಿರಲಿಲ್ಲ. ಇಂಥದ್ದಕ್ಕೂ ನೋಡುವವರಿದ್ದಾರೆ ಎಂದು ತೋರಿಸಿದ್ದೇ ಈ ಜನ.

ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಸಮುದಾಯ ಟಿವಿಯಲ್ಲಿ ಕೆಲಸ ಮಾಡುತ್ತಿದ್ದ ಜೇ ಡೆಡ್‌ಮನ್ ಮತ್ತು ಪೀಟರ್ ವ್ಯಾನ್ ಡೈಕ್ ಸೇರಿ ಆಸಕ್ತರನ್ನು ಒಂದೆಡೆ ಕೂಡಿಸಿದರು. 2005ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ 'ವ್ಲಾಗರ್‌ಕಾನ್' ಎಂಬ ಮೊದಲ ಸಭೆ ನಡೆಯಿತು. ಬಾಸ್ಟನ್‌ನ ಸಾರ್ವಜನಿಕ ಟಿವಿಯಲ್ಲಿ ಎಡಿಟರ್ ಆಗಿದ್ದ ರಯಾನ್ ಹಾಡ್ಸನ್, ಮೈಕಲ್ ವರ್ಡಿ ಜೊತೆ ಸೇರಿ 'ಫ್ರೀವ್ಲಾಗ್' ಎಂಬ ಪಾಠ ಮಾಡಿ ಹಾಕಿದರು. ದುಡ್ಡು ಖರ್ಚಿಲ್ಲದೆ ವಿಡಿಯೊ ಬ್ಲಾಗ್ ಮಾಡುವುದು ಹೇಗೆ ಎಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಪಾಠ ಅದು. ಟಿವಿಯ ಒಳಗಿನ ಕೆಲಸ ಬಲ್ಲವರೇ ಟಿವಿಯ ಹೊರಗೆ ದಾರಿ ಹುಡುಕಿದ್ದು ಗಮನಿಸಬೇಕಾದ ಸಂಗತಿ.

ಎಲ್ಲಿ ಇಡೋದು ಎಂಬುದಕ್ಕೆ ಅವರ ಉತ್ತರ ಸರಳವಾಗಿತ್ತು. ಫೈಲನ್ನು ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಇಡಿ, ಅದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ, ದುಡ್ಡು ಕೇಳುವುದಿಲ್ಲ. ವಿಳಾಸ ಮಾತ್ರ ನಿಮ್ಮದೇ ಸೈಟಿನದಾಗಿರಲಿ. ಹಂಚುವ ಕೆಲಸವನ್ನು ಆರ್‌ಎಸ್‌ಎಸ್ ಫೀಡ್, ಅಂದರೆ ಸೈಟಿನಲ್ಲಿ ಹೊಸದೇನು ಬಂತು ಎಂದು ಚಂದಾದಾರರಿಗೆ ತಾನಾಗಿ ತಿಳಿಸುವ ಪಟ್ಟಿ, ಮಾಡುತ್ತದೆ. ಡೇವ್ ವೈನರ್ 2001ರ ಹೊತ್ತಿಗೇ ಫೀಡ್ ಜೊತೆ ದೊಡ್ಡ ಫೈಲಿನ ವಿಳಾಸವನ್ನೂ ಕಳಿಸುವ ಏರ್ಪಾಟು ಮಾಡಿದ್ದರು. ಪಾಡ್‌ಕಾಸ್ಟ್ ಬೆಳೆದದ್ದೂ ಅದರ ಮೇಲೆಯೇ. ಫೈರ್‌ಆ್ಯಂಟ್‌ನಂಥ ತಂತ್ರಾಂಶ ಹಾಕಿಕೊಂಡು ಇಷ್ಟದ ವ್ಲಾಗ್‌ಗಳಿಗೆ ಚಂದಾದಾರರಾದರೆ ಸಾಕು. ರಾತ್ರಿ ನಾವು ಮಲಗಿದ್ದಾಗ ಹೊಸ ವಿಡಿಯೊ ತಾನೇ ಇಳಿದಿರುತ್ತಿತ್ತು, ಬೆಳಗ್ಗೆ ಬಾಗಿಲಿಗೆ ಪೇಪರ್ ಬಿದ್ದಿರುವ ಹಾಗೆ. ನಿಧಾನ ಸಂಪರ್ಕದ ತೊಂದರೆಯನ್ನು ಇಷ್ಟು ಚೆನ್ನಾಗಿ ಬಿಡಿಸಿದ್ದನ್ನು ನೆನೆದರೆ ಈಗಲೂ ಮೆಚ್ಚಿಗೆಯಾಗುತ್ತದೆ. ಮಾಡುವವರಿಗೂ ನೋಡುವವರಿಗೂ ನಡುವೆ ಯಾರೂ ಇರಲಿಲ್ಲ. ಮುಂದೆ ಯಾವುದು ನೋಡಬೇಕು ಎಂದು ಹೇಳುವವರೂ ಇರಲಿಲ್ಲ.

ಈ ಏರ್ಪಾಟು ಎಷ್ಟು ಭಾರ ತಾಳೀತು ಎಂಬುದು 2004ರ ಡಿಸೆಂಬರ್‌ನಲ್ಲೇ ಗೊತ್ತಾಗಿತ್ತು. ಸುನಾಮಿಯ ದೃಶ್ಯಗಳನ್ನು ಪ್ರವಾಸಿಗರು ಸಣ್ಣ ಕ್ಯಾಮೆರಾಗಳಲ್ಲಿ ಹಿಡಿದಿದ್ದರು. ಅವು ಬ್ಲಾಗ್‌ಗಳ ಮೂಲಕ ಹರಡಿದವು. ಜನ ಮುಗಿಬಿದ್ದಾಗ ಸಣ್ಣ ಸೈಟ್‌ಗಳು ಕುಸಿದವು. ಬೇರೆಯವರು ತಮ್ಮ ಸರ್ವರ್‌ಗಳಲ್ಲಿ ಪ್ರತಿ ಇಟ್ಟು ಹಂಚಬೇಕಾಯಿತು. ಆ ವಿಡಿಯೊಗಳನ್ನು ಹುಡುಕಲು ಪಟ್ಟ ಕಷ್ಟವೂ ಯೂಟ್ಯೂಬ್‌ಗೆ ಒಂದು ಪ್ರೇರಣೆ ಎಂದು ಅದರ ಸ್ಥಾಪಕರಲ್ಲಿ ಒಬ್ಬರಾದ ಜಾವೇದ್ ಕರೀಂ ಆಮೇಲೆ ಹೇಳಿದರು. 2005ರ ಏಪ್ರಿಲ್ 23ರಂದು ಅವರೇ ಸ್ಯಾನ್ ಡಿಯೇಗೊ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತಾಡಿದ 19 ಸೆಕೆಂಡಿನ ತುಣುಕು ಯೂಟ್ಯೂಬ್‌ನ ಮೊದಲ ವಿಡಿಯೊ ಆಯಿತು.

ಯೂಟ್ಯೂಬ್ ಮಾಡಿದ್ದು ಎರಡು ಕೆಲಸ. ಯಾವ ಫೈಲ್ ಕೊಟ್ಟರೂ ಅದನ್ನು ಬ್ರೌಸರಿನಲ್ಲೇ ವಿಡಿಯೊ ಓಡಿಸುವ ಫ್ಲ್ಯಾಶ್ ಎಂಬ ತಂತ್ರಾಂಶಕ್ಕೆ ಹೊಂದುವಂತೆ ಬದಲಾಯಿಸಿತು. ಫ್ಲ್ಯಾಶ್ ಆಗ ಬಹುಪಾಲು ಕಂಪ್ಯೂಟರುಗಳಲ್ಲಿ ಮೊದಲೇ ಇತ್ತು, ಹಾಗಾಗಿ ತೆರೆಯುವುದಿಲ್ಲ ಎಂಬ ಗೋಳು ತೀರಿತು. ಬ್ಯಾಂಡ್‌ವಿಡ್ತ್ ಬಿಲ್ ತಾನೇ ಕಟ್ಟಿತು. ಫ್ರೀಲಾನ್ಸ್ ವಿಡಿಯೊಗಾರರಿಗೆ ಇದಕ್ಕಿಂತ ದೊಡ್ಡ ನಿರಾಳ ಇರಲಿಲ್ಲ, ಅವರು ಅಲ್ಲಿಗೆ ಹೋದದ್ದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ವಿಳಾಸ ಅಲ್ಲಿಗೆ ಬದಲಾಯಿತು. ನೋಡುವವರು ಇನ್ನು ಮೇಲೆ ವ್ಲಾಗರ್ ಮನೆಗೆ ಬರುವ ನೆಂಟರಾಗಿ ಉಳಿಯಲಿಲ್ಲ, ಯೂಟ್ಯೂಬ್‌ಗೆ ಬರುವವರಾದರು. 2006ರ ಅಕ್ಟೋಬರ್‌ನಲ್ಲಿ ಗೂಗಲ್ 165 ಕೋಟಿ ಡಾಲರ್ ಬೆಲೆಗೆ ಯೂಟ್ಯೂಬ್ ಕೊಂಡಾಗ, ಆ ಬೆಲೆಯಲ್ಲಿ ವಿಡಿಯೊ ಮಾಡಿ ಹಾಕಿದವರ ಪಾಲು ಏನೂ ಇರಲಿಲ್ಲ.

ಹಣದ ಬಗ್ಗೆ ಬೇರೆ ಪ್ರಯತ್ನಗಳು ಆಗಲೇ ನಡೆದಿದ್ದವು. ಆ್ಯಂಡ್ರೂ ಬ್ಯಾರನ್ 2004ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಶುರುಮಾಡಿದ ರಾಕೆಟ್‌ಬೂಮ್ ದಿನಕ್ಕೆ ಮೂರು ನಿಮಿಷದ ಸುದ್ದಿ ಕಾರ್ಯಕ್ರಮ. ಅಮಾಂಡಾ ಕಾಂಗ್ಡನ್ ನಿರೂಪಕಿ. 2006ರ ಫೆಬ್ರವರಿಯಲ್ಲಿ ರಾಕೆಟ್‌ಬೂಮ್‌ನವರು ಒಂದು ವಾರದ ಜಾಹೀರಾತನ್ನು ಇಬೇನಲ್ಲಿ ಹರಾಜಿಗಿಟ್ಟರು, 40,000 ಡಾಲರ್ ಬಂತು. ಸ್ವಂತ ವಿಳಾಸದಲ್ಲಿದ್ದುಕೊಂಡೇ ದುಡಿಯಬಹುದು ಎಂಬುದಕ್ಕೆ ಅದು ದೊಡ್ಡ ಸಾಕ್ಷಿ. ರೆವ್ವರ್ ಎಂಬ ತಾಣ ಜಾಹೀರಾತಿನ ಆದಾಯದಲ್ಲಿ ಅರ್ಧ ಕೊಡುತ್ತಿತ್ತು. 2006ರಲ್ಲಿ ಕೋಲಾ ಬಾಟಲಿಗೆ ಮಿಂಟ್ ಮಾತ್ರೆ ಹಾಕಿ ಕಾರಂಜಿ ಚಿಮ್ಮಿಸಿದ ಇಬ್ಬರು ಕಲಾವಿದರು ಅದರಿಂದ ಹತ್ತಾರು ಸಾವಿರ ಡಾಲರ್ ಗಳಿಸಿದರು. 2005ರಲ್ಲಿ ಹುಟ್ಟಿದ ಬ್ಲಿಪ್ ಟಿವಿಯೂ ಅರ್ಧರ್ಧ ಹಂಚಿಕೊಳ್ಳುತ್ತಿತ್ತು, ಜೊತೆಗೆ ಫೀಡ್ ಕೂಡ ಕೊಡುತ್ತಿತ್ತು. ಯೂಟ್ಯೂಬ್ ಪಾಲು ಕೊಡಲು ಶುರುಮಾಡಿದ್ದು 2007ರ ಮೇ ತಿಂಗಳಲ್ಲಿ, ಅದೂ ಆಯ್ದ ಕೆಲವರಿಗೆ ಮಾತ್ರ.

ಈ ನಡುವೆ ಇನ್ನೊಂದು ಜಗಳ ಎದ್ದಿತ್ತು. ಫೀಡ್ ಎಲ್ಲರಿಗೂ ತೆರೆದದ್ದು ತಾನೇ ಎಂದು ಕೆಲವು ತಾಣಗಳು ವ್ಲಾಗರ್‌ಗಳ ವಿಡಿಯೊಗಳನ್ನು ಎಳೆದುಕೊಂಡು, ಸುತ್ತ ತಮ್ಮ ಜಾಹೀರಾತು ಹಾಕಿಕೊಂಡವು. ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದ್ದರೂ ಬಿಡಲಿಲ್ಲ. ಒಬ್ಬೊಬ್ಬರೇ ಪತ್ರ ಬರೆದು ತೆಗೆಸಬೇಕಾಯಿತು.

ಆದರೆ ವಿಡಿಯೊ ಯಾರ ಕೈಯಲ್ಲಿರಬೇಕು ಎಂಬ ಮಾತು ತೀರಾ ಗಂಭೀರವಾದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಜಾಶ್ ವುಲ್ಫ್ ಫ್ರೀಲಾನ್ಸ್ ವಿಡಿಯೊ ಪತ್ರಕರ್ತ. ಸ್ವಂತ ಬ್ಲಾಗ್ ಇತ್ತು, ಯಾವ ಸಂಸ್ಥೆಯ ಗುರುತಿನ ಚೀಟಿಯೂ ಇರಲಿಲ್ಲ. 2005ರ ಜುಲೈ 8ರಂದು ಅಲ್ಲಿ ಜಿ8 ಎಂಬ ಎಂಟು ದೊಡ್ಡ ದೇಶಗಳ ಕೂಟದ ವಿರುದ್ಧ ಪ್ರತಿಭಟನೆ ನಡೆಯಿತು. ಒಬ್ಬ ಪೊಲೀಸ್ ಅಧಿಕಾರಿಯ ತಲೆಬುರುಡೆಗೆ ಪೆಟ್ಟಾಯಿತು. ವುಲ್ಫ್ ಅದನ್ನೆಲ್ಲ ಶೂಟ್ ಮಾಡಿ, ಎಡಿಟ್ ಮಾಡಿದ ತುಣುಕನ್ನು ಬ್ಲಾಗಿನಲ್ಲಿ ಹಾಕಿದರು. ಸ್ವಲ್ಪ ಭಾಗವನ್ನು ಸ್ಥಳೀಯ ಟಿವಿಗೂ ಮಾರಿದರು. ಫ್ರೀಲಾನ್ಸರ್ ಮಾಡುವ ಮಾಮೂಲಿ ಕೆಲಸ.

ಎಡಿಟ್ ಮಾಡದ ಪೂರ್ತಿ ಟೇಪ್ ಕೊಡಿ, ಸಾಕ್ಷಿ ಹೇಳಿ ಎಂದು ಕೇಂದ್ರ ಸರ್ಕಾರದ ಗ್ರ್ಯಾಂಡ್ ಜ್ಯೂರಿ, ಅಂದರೆ ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಸಮನ್ಸ್ ಕಳಿಸಿತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಪತ್ರಕರ್ತರಿಗೆ ರಕ್ಷಣೆ ಕೊಡುವ ಕಾನೂನಿದೆ, ಕೇಂದ್ರದ ಮಟ್ಟದಲ್ಲಿ ಅಂಥದ್ದಿಲ್ಲ. ಪೊಲೀಸ್ ಕಾರಿಗೆ ಬೆಂಕಿ ಹಚ್ಚಲು ಯತ್ನ ನಡೆದಿದೆ, ಇಲಾಖೆಗೆ ಕೇಂದ್ರದ ಹಣ ಬರುತ್ತದೆ, ಆದ್ದರಿಂದ ಇದು ಕೇಂದ್ರದ ಪ್ರಕರಣ ಎಂಬುದು ಸರ್ಕಾರಿ ವಕೀಲರ ವಾದ. ಅವರು ವುಲ್ಫ್‌ರನ್ನು ಪತ್ರಕರ್ತ ಎಂದು ಒಪ್ಪಲೂ ಇಲ್ಲ. ವುಲ್ಫ್ ಟೇಪ್ ಕೊಡಲಿಲ್ಲ. ಒಮ್ಮೆ ಕೊಟ್ಟರೆ ಮುಂದೆ ಪ್ರತಿಭಟನೆಗಳಲ್ಲಿ ತನ್ನ ಕ್ಯಾಮೆರಾವನ್ನು ಜನ ಪೊಲೀಸರ ಕ್ಯಾಮೆರಾ ಎಂದೇ ನೋಡುತ್ತಾರೆ ಎಂಬ ಆತಂಕ ಅವರದು. 2006ರ ಆಗಸ್ಟ್ 1ರಂದು ಅವರನ್ನು ಜೈಲಿಗೆ ಕಳಿಸಿದರು. ಆಗ ವಯಸ್ಸು 24. ಮಧ್ಯೆ ಮೂರು ವಾರ ಜಾಮೀನು ಸಿಕ್ಕಿದ್ದು ಬಿಟ್ಟರೆ 2007ರ ಏಪ್ರಿಲ್ 3ರವರೆಗೆ ಒಳಗೇ ಇದ್ದರು. ಒಟ್ಟು 226 ದಿನ. ತನ್ನ ಬಳಿಯಿದ್ದ ಸಾಮಗ್ರಿ ಕೊಡಲು ಒಪ್ಪದೆ ಅಮೆರಿಕದಲ್ಲಿ ಆವರೆಗೆ ಯಾವ ಪತ್ರಕರ್ತನೂ ಅಷ್ಟು ದಿನ ಜೈಲಿನಲ್ಲಿ ಇರಲಿಲ್ಲ.

ಕೊನೆಗೆ ಒಪ್ಪಂದವಾಯಿತು. ಗ್ರ್ಯಾಂಡ್ ಜ್ಯೂರಿ ಮುಂದೆ ಸಾಕ್ಷಿ ಹೇಳಬೇಕಿಲ್ಲ, ಟೇಪ್ ಮಾತ್ರ ಕೊಡಬೇಕು. ವುಲ್ಫ್ ಪೂರ್ತಿ ವಿಡಿಯೊವನ್ನು ತಮ್ಮ ಸೈಟಿನಲ್ಲೂ ಹಾಕಿದರು, ಸರ್ಕಾರ ನೋಡುವುದನ್ನು ಎಲ್ಲರೂ ನೋಡಲಿ ಎಂದು. ಅಧಿಕಾರಿಗೆ ಪೆಟ್ಟು ಬಿದ್ದದ್ದಾಗಲಿ ಕಾರಿಗೆ ಬೆಂಕಿ ಹಚ್ಚಲು ಹೋದದ್ದಾಗಲಿ ಅದರಲ್ಲಿ ಇರಲಿಲ್ಲ. ಸಂಸ್ಥೆಯ ಬೆಂಬಲವಿಲ್ಲದೆ ಒಬ್ಬರೇ ಕ್ಯಾಮೆರಾ ಹಿಡಿದು ಕೆಲಸ ಮಾಡುವವರು ಪತ್ರಕರ್ತರೇ ಅಲ್ಲವೇ ಎಂಬ ಪ್ರಶ್ನೆಗೆ ಮಾತ್ರ ಆ ಒಪ್ಪಂದದಲ್ಲಿ ಉತ್ತರ ಸಿಗಲಿಲ್ಲ.

ಆಮೇಲೆ ಏನಾಯಿತು ಎಂಬುದು ಬೇಗ ಹೇಳಿ ಮುಗಿಸುವಷ್ಟೇ ಇದೆ. ರೆವ್ವರ್ 2011ರಲ್ಲಿ ನಿಂತಿತು. ತುಂಬಾ ಜನ ಫೀಡ್ ಓದಲು ನಂಬಿದ್ದ ಗೂಗಲ್ ರೀಡರ್ 2013ರ ಜುಲೈಯಲ್ಲಿ ಮುಚ್ಚಿತು. ಬ್ಲಿಪ್ ಅದೇ ವರ್ಷ ಬೇರೆ ಕಂಪನಿಗೆ ಮಾರಾಟವಾಗಿ, 2015ರ ಆಗಸ್ಟ್ 20ರಂದು ಬಾಗಿಲು ಹಾಕಿತು. 2020ರ ಕೊನೆಗೆ ಫ್ಲ್ಯಾಶ್ ಕೂಡ ಹೋಯಿತು. ಹಳೆಯ ವ್ಲಾಗ್‌ಗಳ ಪುಟಗಳಲ್ಲಿ ಬರಹ ಉಳಿದಿದೆ, ತಲೆಬರಹ ಉಳಿದಿದೆ, ವಿಡಿಯೊ ಇರಬೇಕಾದ ಕಡೆ ಬರಿಯ ಚೌಕಟ್ಟು. ಇಂಟರ್ನೆಟ್ ಆರ್ಕೈವ್‌ನಲ್ಲಿ ಇಟ್ಟವರ ಫೈಲ್‌ಗಳು ಎಷ್ಟೋ ಈಗಲೂ ತೆರೆಯುತ್ತವೆ, ಆ ಪುಟ್ಟ 320ಕ್ಕೆ 240ರ ಅಳತೆಯಲ್ಲೇ. ಉಳಿದವರಲ್ಲಿ ಮಿನಿಡಿವಿ ಟೇಪ್ ಜೋಪಾನ ಮಾಡಿದವರು ಹಳೇ ಕ್ಯಾಮೆರಾ ಹುಡುಕಬೇಕು, ಫೈರ್‌ವೈರ್ ಇರುವ ಹಳೇ ಕಂಪ್ಯೂಟರ್ ಹುಡುಕಬೇಕು. ಎರಡೂ ಸಿಕ್ಕಿ ಟೇಪ್ ಓಡಿದರೆ ಮತ್ತೆ ಒಳಗೆ ತರಬಹುದು. ಒಂದು ಗಂಟೆಯ ಟೇಪಿಗೆ ಈಗಲೂ ಒಂದು ಗಂಟೆಯೇ ಬೇಕು.